ಕಳೆದುಕೊಳ್ಳುವವರ ನಂಬಿಕೆ

ರಾಷ್ಟ್ರ ಕಟ್ಟುವುದು ಕ್ರಾಂತಿಕಾರಿಗಳ ಕೆಲಸ, ಸಂಪ್ರದಾಯವಾದಿಗೆ ಇದ್ದದ್ದನ್ನು ಕಾಯುವುದಷ್ಟೇ ಗೊತ್ತು ಎಂಬ ಎಣಿಕೆ ನಮ್ಮಲ್ಲಿ ಬೇರೂರಿದೆ. ಭಾರತದ ಸಂಸ್ಥಾನಗಳು ಒಂದಾದ ಬಗೆ ಈ ಎಣಿಕೆಗೆ ಒಗ್ಗುವುದಿಲ್ಲ. 1947ರ ಜುಲೈನಲ್ಲಿ ವಲ್ಲಭಭಾಯಿ ಪಟೇಲರು ಸಂಸ್ಥಾನಗಳ ಇಲಾಖೆ ವಹಿಸಿಕೊಂಡಾಗ ಉಪಖಂಡದಲ್ಲಿ ಐನೂರಕ್ಕೂ ಹೆಚ್ಚು ಸಂಸ್ಥಾನಗಳಿದ್ದವು. ಬ್ರಿಟಿಷರ ಪರಮಾಧಿಕಾರ ಆಗಸ್ಟ್ 15ಕ್ಕೆ ಮುಗಿಯುವುದರಿಂದ, ಕಾನೂನಿನ ಲೆಕ್ಕದಲ್ಲಿ ಅವು ತಮ್ಮ ದಾರಿ ತಾವು ನೋಡಿಕೊಳ್ಳಬಹುದಿತ್ತು. 1950ರ ಜನವರಿಯಲ್ಲಿ ಸಂವಿಧಾನ ಜಾರಿಗೆ ಬರುವ ಹೊತ್ತಿಗೆ ಭಾರತದ ಗಡಿಯೊಳಗೆ ಸ್ವತಂತ್ರವಾಗಿ ಆಳುವ ಅರಸರೇ ಉಳಿದಿರಲಿಲ್ಲ. ಇದಕ್ಕೆ ಕಾರಣ ಕೇಳಿದರೆ ‘ಉಕ್ಕಿನ ಮನುಷ್ಯ’ ಎಂಬ ಬಿರುದನ್ನು ಮುಂದೆ ಮಾಡುತ್ತೇವೆ. ಆ ಉಕ್ಕಿಗಿಂತ ಹೆಚ್ಚು ಕೆಲಸ ಮಾಡಿದ್ದು ಪಟೇಲರ ಸಂಪ್ರದಾಯವಾದ ಎಂಬುದು ನನ್ನ ವಾದ.

ಸತ್ಯಾಗ್ರಹ ಮಾಡಿ ಜೈಲು ಕಂಡವರನ್ನು ಸಂಪ್ರದಾಯವಾದಿ ಎನ್ನಲು ಕೆಲವರಿಗೆ ಮನಸ್ಸು ಬಾರದು. ಅವರ ಹೋರಾಟದ ಬಗೆಯನ್ನೇ ನೋಡಿ. 1928ರಲ್ಲಿ ಬಾರ್ಡೋಲಿಯ ರೈತರು ಕಂದಾಯವೇ ಬೇಡ ಎನ್ನಲಿಲ್ಲ. ಶೇಕಡಾ 22ರ ಏರಿಕೆ ಅನ್ಯಾಯ, ವಿಚಾರಣೆ ನಡೆಸಿ ಎಂದರು. ವಿಚಾರಣೆ ನಡೆದು ಏರಿಕೆ ಶೇಕಡಾ 6ರ ಆಸುಪಾಸಿಗೆ ಇಳಿಯಿತು, ಹೋರಾಟ ಗೆದ್ದಿತು. ಆಸ್ತಿಯ ಹಕ್ಕು, ಬರೆದುಕೊಟ್ಟ ಕರಾರು, ನುರಿತ ಅಧಿಕಾರಿವರ್ಗ ಇವುಗಳ ಮೇಲೆ ಪಟೇಲರಿಗಿದ್ದ ಭರವಸೆ ಕೊನೆಯವರೆಗೂ ಸಡಿಲವಾಗಲಿಲ್ಲ. ಸ್ವಾತಂತ್ರ್ಯ ಹೋರಾಟಗಾರರನ್ನು ಜೈಲಿಗಟ್ಟಿದ್ದ ಐಸಿಎಸ್ ಅಧಿಕಾರಿಗಳ ಸೇವಾಷರತ್ತುಗಳಿಗೆ ಸಂವಿಧಾನದಲ್ಲೇ ರಕ್ಷಣೆ ಬೇಕೆಂದು 1949ರ ಅಕ್ಟೋಬರಿನಲ್ಲಿ ಪಟ್ಟು ಹಿಡಿದವರು ಅವರು.

ಅರಸರ ಎದುರು ಇಂಥವರ ಮಾತಿಗೆ ಬೇರೆಯೇ ತೂಕವಿತ್ತು. ಒಂದುಗೂಡುವಾಗ ಯಾರಾದರೂ ಕಳೆದುಕೊಳ್ಳಲೇಬೇಕು. ಕಳೆದುಕೊಳ್ಳುವವನನ್ನು ಕಾಡುವ ಭಯ ಎರಡು: ಈಗ ಹೋಗುವುದೆಷ್ಟು, ಇದಾದ ಮೇಲೆ ಇನ್ನೇನೇನು ಹೋದೀತು. ಮೊದಲನೆಯದನ್ನು ಚೌಕಾಶಿಯಿಂದ ತಗ್ಗಿಸಬಹುದು. ಎರಡನೆಯದು ತಗ್ಗಬೇಕಾದರೆ ಎದುರಿಗೆ ಕೂತವನ ಸ್ವಭಾವದ ಮೇಲೆ ನಂಬಿಕೆ ಬೇಕು. ರಾಜಪದವಿಯೇ ಅನ್ಯಾಯ ಎನ್ನುವ ಸಮಾಜವಾದಿಯೊಬ್ಬ ಅದೇ ಕರಾರನ್ನು ತಂದಿದ್ದರೆ ಅರಸರು ಅದನ್ನು ವಿನಾಶದ ಮೊದಲ ಕಂತೆಂದೇ ಓದಿಕೊಳ್ಳುತ್ತಿದ್ದರು. ಪಟೇಲರೂ ಇಲಾಖೆಯ ಕಾರ್ಯದರ್ಶಿ ವಿ.ಪಿ. ಮೆನನ್ನರೂ ಮೊದಲು ಕೇಳಿದ್ದು ರಕ್ಷಣೆ, ವಿದೇಶಾಂಗ, ಸಂಪರ್ಕ ಎಂಬ ಮೂರೇ ವಿಷಯಗಳನ್ನು. ಮುಂದೆ ವಿಲೀನ ಕೇಳಿದಾಗ ರಾಜಧನ, ಬಿರುದು, ಖಾಸಗಿ ಆಸ್ತಿಗಳಿಗೆ ಖಾತರಿ ಕೊಟ್ಟರು. ದೊಡ್ಡ ಅರಸರಲ್ಲಿ ಕೆಲವರು ರಾಜಪ್ರಮುಖರಾದರು, ಎಂದರೆ ರಾಜ್ಯಪಾಲರ ಸ್ಥಾನದಲ್ಲಿ ಕೂತರು. ರಾಜಧನದ ಭರವಸೆ 291ನೇ ವಿಧಿಯಾಗಿ ಸಂವಿಧಾನ ಸೇರಿತು. ಅದರ ವೆಚ್ಚ ವರ್ಷಕ್ಕೆ ಸುಮಾರು 4.5 ಕೋಟಿ ರೂಪಾಯಿ. ರಕ್ತ ಹರಿಸದೆ ಇಷ್ಟು ದೊಡ್ಡ ಬದಲಾವಣೆ ಆಗಿರುವಾಗ ಈ ಬೆಲೆ ಸಣ್ಣದು ಎಂಬುದು ಸಂವಿಧಾನ ಸಭೆಯಲ್ಲಿ ಪಟೇಲರು ಕೊಟ್ಟ ಸಮಜಾಯಿಷಿ. ಪಟೇಲರನ್ನು ಬಿಸ್ಮಾರ್ಕನಿಗೆ ಹೋಲಿಸುವ ವಾಡಿಕೆಯುಂಟು. ಬಿಸ್ಮಾರ್ಕನೂ ಜರ್ಮನಿಯನ್ನು ಒಂದುಗೂಡಿಸುವಾಗ ಬವೇರಿಯದ ಅರಸನಿಗೆ ಅಂಚೆ, ರೈಲ್ವೆ, ಶಾಂತಿಕಾಲದ ಸೈನ್ಯ ಬಿಟ್ಟುಕೊಟ್ಟ, ಹಣವನ್ನೂ ಕೊಟ್ಟ. ಹಣ ಕೊಟ್ಟದ್ದು ಮಾತ್ರ ಗುಟ್ಟಾಗಿ. ಪಟೇಲರು ಕೊಟ್ಟದ್ದು ಸಭೆಯ ಮುಂದೆ, ಲೆಕ್ಕ ಒಪ್ಪಿಸಿ.

ಆದರೆ ಈ ನಂಬಿಕೆಗೆ ಪಟೇಲರು ತಕ್ಕಂತೆ ನಡೆದುಕೊಂಡರೇ? ಜುಲೈನಲ್ಲಿ ಒಳಾಡಳಿತಕ್ಕೆ ಕೈಹಾಕುವುದಿಲ್ಲ ಎಂದವರು ಡಿಸೆಂಬರಿನಲ್ಲಿ ಕಟಕ್‌ಗೆ ಹೋಗಿ ಒರಿಸ್ಸಾದ ಅರಸರಿಂದ ವಿಲೀನ ಪತ್ರಕ್ಕೆ ಸಹಿ ಹಾಕಿಸಿಕೊಂಡರು. 1948ರ ಮಾರ್ಚ್‌ನಲ್ಲಿ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರುಗಳು ಮುಂಬಯಿ ಪ್ರಾಂತ್ಯದೊಳಗೆ ಕರಗಿದವು. ಇದನ್ನು ಯಾರಾದರೂ ವಚನಭಂಗ ಎಂದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಆದರೂ ಪ್ರತಿ ಹೆಜ್ಜೆಗೂ ಹೊಸ ಪತ್ರವಿತ್ತು, ಹೊಸ ಪರಿಹಾರವಿತ್ತು. ಅರಸರನ್ನು ಮಣಿಸಿದ್ದು ಪ್ರಜೆಗಳ ಚಳವಳಿಯೇ ಹೊರತು ದಿಲ್ಲಿಯ ಚಾಣಾಕ್ಷತನವಲ್ಲ ಎನ್ನುವವರ ಮಾತಿನಲ್ಲೂ ಹುರುಳಿದೆ. ಮೈಸೂರು 1947ರ ಆಗಸ್ಟ್‌ನಲ್ಲೇ ಸೇರ್ಪಡೆ ಪತ್ರಕ್ಕೆ ಸಹಿ ಹಾಕಿತ್ತು, ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಕ್ಟೋಬರಿನಲ್ಲಿ ಬರಬೇಕಾದರೆ ನಡುವೆ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿ ನಡೆಯಬೇಕಾಯಿತು. ಚಳವಳಿ ಅರಸನನ್ನು ಸಿಂಹಾಸನದಿಂದ ಎಬ್ಬಿಸಬಲ್ಲದು. ಎದ್ದವನು ಎಲ್ಲಿ ಕೂರಬೇಕೆಂದು ಹೇಳುವವರೂ ಬೇಕು. ಆ ಮಾತಿನ ಫಲ ಕಂಡದ್ದು ಇಪ್ಪತ್ತು ವರ್ಷಗಳ ಮೇಲೆ. 1970ರಲ್ಲಿ ರಾಷ್ಟ್ರಪತಿ ಆದೇಶ ತಮ್ಮ ಮಾನ್ಯತೆ ರದ್ದು ಮಾಡಿದಾಗ ಮಾಜಿ ಅರಸರು ಮಾಡಿದ್ದು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದು. ಗೆದ್ದರು ಕೂಡ. ಮರುವರ್ಷ 26ನೇ ತಿದ್ದುಪಡಿ ಬಂದು ರಾಜಧನ ಹೋಯಿತು. ಕೊಟ್ಟ ಮಾತನ್ನು ಹಾಗೆ ತಳ್ಳಿಹಾಕಿದ್ದು ನನಗೆ ಸರಿಕಾಣದು. ಆದರೆ ಕತ್ತಿ ಹಿಡಿಯುವ ವಂಶಗಳು ವಕೀಲರನ್ನು ಹಿಡಿದಿದ್ದವು. ಐಕ್ಯ ಗಟ್ಟಿಯಾಗಿತ್ತು ಎನ್ನಲು ಬೇರೆ ಸಾಕ್ಷಿ ಬೇಡ.

ಹೈದರಾಬಾದಿನ ಪ್ರಶ್ನೆ ಇಷ್ಟು ಸುಲಭವಲ್ಲ. ನಿಜಾಮರೊಂದಿಗಿನ ಯಥಾಸ್ಥಿತಿ ಒಪ್ಪಂದ ಮುರಿದುಬಿದ್ದು, ಅವರ ಪರ ನಿಂತ ರಜಾಕಾರರ ಪಡೆಯ ಹಾವಳಿ ಮೇರೆ ಮೀರಿ, 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ಸೇನಾ ಕಾರ್ಯಾಚರಣೆ ನಡೆಯಿತು. ಅದರ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆಮೇಲೆ ಬೀದರ್, ಕಲಬುರಗಿ, ಉಸ್ಮಾನಾಬಾದ್, ನಾಂದೇಡ್ ಜಿಲ್ಲೆಗಳಲ್ಲಿ ಮುಸ್ಲಿಮರ ಕೊಲೆಗಳಾದವು. ಇದನ್ನು ಪರಿಶೀಲಿಸಿದ ಸುಂದರಲಾಲ್ ಸಮಿತಿ ಸತ್ತವರನ್ನು ಹತ್ತಾರು ಸಾವಿರದ ಲೆಕ್ಕದಲ್ಲಿ ಹೇಳಿತು. ಪಟೇಲರು ಆ ವರದಿಯನ್ನು ಒಪ್ಪಲಿಲ್ಲ, ದಶಕಗಳ ಕಾಲ ಅದು ಹೊರಬರಲೂ ಇಲ್ಲ. ಸೋತ ನಿಜಾಮರು ಮಾತ್ರ ರಾಜಪ್ರಮುಖರಾದರು. ಪಟೇಲರ ಮಾರ್ಗದ ನಿಜವಾದ ಕೊರತೆ ನನಗೆ ಕಾಣುವುದು ಇಲ್ಲಿ. ಸಹಿ ಹಾಕಲು ಅಧಿಕಾರವುಳ್ಳವನ ನಷ್ಟವನ್ನು ಅದು ಕಾಸಿಗೆ ಕಾಸು ಅಳೆಯುತ್ತದೆ. ಸಹಿ ಹಾಕಲು ಏನೂ ಇಲ್ಲದವನ ನಷ್ಟ ಅದರ ಕಣ್ಣಿಗೆ ಬೀಳುವುದಿಲ್ಲ.

ಕನ್ನಡಿಗರ ಕೈಯಲ್ಲೂ ಸಹಿ ಹಾಕಲು ಏನೂ ಇರಲಿಲ್ಲ. ಮುಂಬಯಿ, ಮದರಾಸು, ಹೈದರಾಬಾದ್, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದವರ ಏಕೀಕರಣದ ಬೇಡಿಕೆಯನ್ನು ನೆಹರೂ, ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಇದ್ದ ಜೆವಿಪಿ ಸಮಿತಿ 1949ರಲ್ಲಿ ಮುಂದಕ್ಕೆ ತಳ್ಳಿತು. ಭಾಷಾವಾರು ಪ್ರಾಂತ್ಯಗಳಿಗೆ ಇದು ಕಾಲವಲ್ಲ ಎಂದಿತು. ಭಾಷೆಯ ಅಭಿಮಾನ ದೇಶವನ್ನು ಒಡೆದೀತು ಎಂಬ ಆ ಅಂಜಿಕೆ ಸುಳ್ಳಾಯಿತು. ಕರ್ನಾಟಕವನ್ನು ಕೂಡಿಸಿದವರು ಬೇರೆ ಬಗೆಯ ಜನ: ಸಾಹಿತಿಗಳು, ಪತ್ರಕರ್ತರು, ಸತ್ಯಾಗ್ರಹಿಗಳು. ಆದರೆ ಅವರು ಕೂಡಿಸಲು ಹೊರಟಾಗ ಅಡ್ಡ ನಿಲ್ಲುವ ಅರಸರು ಉಳಿದಿರಲಿಲ್ಲ. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯದ ರಾಜ್ಯಪಾಲರಾದವರು, ಒಂಬತ್ತು ವರ್ಷಗಳ ಹಿಂದೆ ಸೇರ್ಪಡೆ ಪತ್ರಕ್ಕೆ ಸಹಿ ಹಾಕಿದ್ದ ಜಯಚಾಮರಾಜೇಂದ್ರ ಒಡೆಯರು.