ಚಿಕ್ಕಪ್ಪನ ಎಂಜಲು

ಚಿಕ್ಕಪ್ಪನಿಗೆ ಈಗ 76 ವರ್ಷ. ಶಿಡ್ಲಘಟ್ಟದ ಪಕ್ಕದ ನಮ್ಮ ಊರಿನಲ್ಲಿ ಇವತ್ತಿಗೂ ರೇಷ್ಮೆ ಹುಳು ಮೇಯಿಸುತ್ತಾರೆ. ಮಗ ಡಲ್ಲಾಸ್‌ನಲ್ಲಿದ್ದಾನೆ. ಸಂಕ್ರಾಂತಿಯ ಮಾರನೆಯ ದಿನ ಅವನು ನನಗೆ ಫೋನ್ ಮಾಡಿ, "ಅಣ್ಣಾ, ಅಪ್ಪನ ಎಂಜಲು ಬೇಕು. ನೀನೇ ಹೇಗಾದರೂ ಮಾಡಿ ತೆಗೆಸಿ ಕಳಿಸು" ಅಂದ. ನಮ್ಮ ಮನೆಯಲ್ಲಿ ಎಂಜಲು ಅಂದರೆ ಮುಟ್ಟಿದರೆ ಕೈ ತೊಳೆಯಬೇಕಾದದ್ದು. ಅವನಿಗೆ ಅದು ದಾಖಲೆ.

ಅವನು ಎರಡು ವರ್ಷದ ಹಿಂದೆ ಅಲ್ಲಿನ ಒಂದು ಕಂಪನಿಗೆ ಕೊಳವೆಯಲ್ಲಿ ಉಗುಳಿ ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿಕೊಂಡಿದ್ದ. ಜಾಲತಾಣದಲ್ಲಿ ನಮ್ಮ ವಂಶವೃಕ್ಷ ಕಟ್ಟತೊಡಗಿದ್ದ. ಹೋದ ವರ್ಷ ನಾನು ಅವನ ಮನೆಗೆ ಹೋದಾಗ ನನ್ನಿಂದಲೂ ಉಗುಳಿಸಿದ. ನಾನೂ ಹುರುಪಿನಲ್ಲೇ ಇದ್ದೆ ಅನ್ನಿ. ನಮ್ಮ ಹಿರಿಯರು ಎಲ್ಲಿಂದ ಬಂದವರು ಎಂಬ ಕುತೂಹಲ ಯಾರಿಗಿಲ್ಲ? ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಹೆಸರಿಗೆ ಮುಂಚೆ ಮೋಕ್ಷಗುಂಡಂ ಎಂಬ ಆಂಧ್ರದ ಊರು ಕೂತಿದೆ. ಅವರ ಹಿರಿಯರು ಬಂದ ದಾರಿ ಆ ಒಂದು ಪದದಲ್ಲಿ ಉಳಿದಿದೆ. ನಮ್ಮ ಮನೆಯಲ್ಲಿ ಅಷ್ಟೂ ಉಳಿದಿರಲಿಲ್ಲ.

ಆರು ವಾರದ ಮೇಲೆ ಫಲಿತಾಂಶ ಬಂತು. ಇಬ್ಬರ ಡಿಎನ್‌ಎಯಲ್ಲಿ ಒಂದೇ ಪೂರ್ವಜರಿಂದ ಬಂದ ತುಣುಕುಗಳು ಎಷ್ಟಿವೆ ಎಂದು ಈ ಪರೀಕ್ಷೆ ಅಳೆಯುತ್ತದೆ. ಅಳತೆಯ ಹೆಸರು ಸೆಂಟಿಮಾರ್ಗನ್. ಅಣ್ಣತಮ್ಮಂದಿರ ಮಕ್ಕಳ ನಡುವೆ ಅದು ಸರಾಸರಿ 850ರ ಆಸುಪಾಸಿನಲ್ಲಿರುತ್ತದೆ, ತೀರಾ ಕಡಿಮೆ ಎಂದರೂ 400ರಷ್ಟು. ನಮ್ಮಿಬ್ಬರ ನಡುವೆ ಬಂದದ್ದು 94. ಅದೂ ಚೂರುಚೂರಾಗಿ.

ನಮ್ಮಂಥವರಲ್ಲಿ ಈ ಅಂಕಿ ಹೆಚ್ಚಾಗಬೇಕೇ ಹೊರತು ಕಡಿಮೆಯಾಗಬಾರದು. ನಮ್ಮ ತಾತ ಮದುವೆಯಾದದ್ದು ತಮ್ಮ ಅಕ್ಕನ ಮಗಳನ್ನು. ನಮ್ಮ ಕಡೆ ಇದೇನೂ ಹೊಸದಲ್ಲ, 1955ರ ಹಿಂದೂ ವಿವಾಹ ಕಾಯ್ದೆಯೂ ರೂಢಿಯಿರುವ ಕಡೆ ಇದನ್ನು ಒಪ್ಪುತ್ತದೆ. ಆದರೆ ವಂಶವೃಕ್ಷದ ಜಾಲತಾಣಕ್ಕೆ ಇದು ಅರ್ಥವಾಗಲಿಲ್ಲ. ಒಬ್ಬರೇ ಎರಡು ಕೊಂಬೆಯಲ್ಲಿ ಕೂತಿದ್ದಾರೆ, ಸರಿಪಡಿಸಿ ಎಂದು ಎಚ್ಚರಿಕೆ ಕೊಡುತ್ತಲೇ ಇತ್ತು. ಸಾಲದ್ದಕ್ಕೆ ನಾವು ನೂರಾರು ವರ್ಷ ಜಾತಿಯೊಳಗೇ ಕೊಟ್ಟು ತಂದವರು. ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳೂ ಸೇರಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳನ್ನು ನೋಡಿತ್ತು. ಕೆಲವೇ ಪೂರ್ವಜರಿಂದ ಬೆಳೆದು ತಮ್ಮೊಳಗೇ ಮದುವೆಯಾಗುತ್ತ ಬಂದುದರ ಗುರುತು ಅವುಗಳಲ್ಲಿ 81ರಲ್ಲಿ ಫಿನ್‌ಲೆಂಡಿನವರಿಗಿಂತಲೂ ಆಳವಾಗಿತ್ತು. ಹಾಗಾಗಿ ನಮ್ಮ ಜಾತಿಯ ಯಾವ ಇಬ್ಬರು ಅಪರಿಚಿತರನ್ನು ತೂಗಿದರೂ ಒಂದಿಷ್ಟು ಬಂದೇ ಬರುತ್ತದೆ. ನಮ್ಮ 94 ಆ ಬಾಬ್ತಿನದು. ಜಾತಿಯ ಬಾಬ್ತು, ಮನೆಯ ಬಾಬ್ತಲ್ಲ.

ಅಂದರೆ ನಮ್ಮಪ್ಪನಿಂದ ನನಗೆ, ಚಿಕ್ಕಪ್ಪನಿಂದ ಅವನಿಗೆ ಬರುವ ದಾರದಲ್ಲಿ ಎಲ್ಲೋ ಒಂದು ಕಡೆ ಗಂಟಿಲ್ಲ. ಎಲ್ಲಿ ಎಂದು ಅಂಕಿ ಹೇಳುವುದಿಲ್ಲ. ಅಜ್ಜಿಯೊಬ್ಬಳ ಕಡೆಯಿಂದಾದರೂ ಸಂಬಂಧ ಉಳಿದಿದ್ದರೆ ಅಂಕಿ ಇದರ ಹಲವು ಪಟ್ಟು ಇರಬೇಕಿತ್ತು. ಉಳಿದದ್ದು ಮೂರು ಜಾಗ: ನಮ್ಮಮ್ಮ, ಚಿಕ್ಕಮ್ಮ, ಇಲ್ಲವೇ ತಾತ-ಅಜ್ಜಿ ಯಾರದೋ ಮಗುವನ್ನು ತಂದು ಸಾಕಿದ್ದು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ರಾತ್ರಿ ನನ್ನ ತಲೆ ಮೊದಲು ಓಡಿದ್ದು ಹೆಂಗಸರ ಕಡೆಗೆ. ಐವತ್ತು ವರ್ಷ ನನಗೆ ಅನ್ನ ಹಾಕಿದ ಇಬ್ಬರನ್ನು ಒಂದು ಅಂಕಿಯ ಮುಂದೆ ನಿಲ್ಲಿಸಿ ವಿಚಾರಣೆ ಮಾಡುತ್ತಿದ್ದೆ. ಅವನೂ ಅದನ್ನೇ ಮಾಡುತ್ತಿದ್ದ. ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಆಮೇಲೆ ನೆನಪಾದದ್ದು ವಿದುರಾಶ್ವತ್ಥದ ಕಲ್ಲು. ಗೌರಿಬಿದನೂರಿನ ಹತ್ತಿರದ ಆ ಊರೆಂದರೆ ಓದಿದವರಿಗೆ 1938ರ ಗೋಲಿಬಾರು, ನಮ್ಮ ಮನೆಯ ಹೆಂಗಸರಿಗೆ ನಾಗರಕಲ್ಲು. ಅಲ್ಲಿ ಸಾವಿರಾರು ನಾಗರಕಲ್ಲುಗಳಿವೆ. ಮಕ್ಕಳಿಲ್ಲದವರು ಹರಕೆ ಹೊತ್ತು ನಿಲ್ಲಿಸಿದವು. ಅಜ್ಜಿಗೆ ಮದುವೆಯಾಗಿ ಎಂಟು ವರ್ಷ ಮಕ್ಕಳಿರಲಿಲ್ಲ. ಕಲ್ಲು ನಿಲ್ಲಿಸಿ ಬಂದರು, ನಮ್ಮಪ್ಪ "ನಾಗಪ್ಪ ಕೊಟ್ಟ ಮಗ" ಆದರು, ಐದು ವರ್ಷಕ್ಕೆ ಚಿಕ್ಕಪ್ಪ ಹುಟ್ಟಿದರು. ಇದು ನಮ್ಮ ಮನೆಯಲ್ಲಿ ನೂರು ಸಲ ಹೇಳಿದ ಕತೆ. ಕೊಟ್ಟ ಅನ್ನುವ ಪದವನ್ನು ನಾನು ಮೊದಲ ಬಾರಿಗೆ ಕಿವಿಗೊಟ್ಟು ಕೇಳಿಸಿಕೊಂಡೆ.

ನಾನು ಚಿಕ್ಕವನಿದ್ದಾಗ ಸುಗ್ಗಿ ಮುಗಿದ ಮೇಲೆ ಮನೆ ಮುಂದೆ ಪಿಚ್ಚಿಗುಂಟ್ಲವರು ಬರುತ್ತಿದ್ದರು. ಕನ್ನಡ ಸೀಮೆಯ ಹೆಳವರ ಹಾಗೆ ಇವರು ನಮ್ಮ ತೆಲುಗು ಗಡಿಯ ವಂಶ ಹೇಳುವವರು. ಎತ್ತಿನ ಮೇಲೆ ಕೂತು, ಕಾಲಿಗೆ ಕಂಬಳಿ ಹೊದ್ದು ಬಂದು ಮನೆಮನೆಯ ಚರಿತ್ರೆ ಹೇಳುವ ಹೆಳವರನ್ನು ಥರ್ಸ್ಟನ್ 1909ರ ತನ್ನ ಸಂಪುಟಗಳಲ್ಲಿ ವರ್ಣಿಸಿದ್ದಾನೆ. ನಮ್ಮಲ್ಲಿಗೆ ಬರುತ್ತಿದ್ದ ಮುದುಕನಿಗೆ ಎತ್ತಿರಲಿಲ್ಲ, ಬಸ್ಸಿನಲ್ಲಿ ಬರುತ್ತಿದ್ದ. ಏಳು ತಲೆಮಾರು ಒಂದೇ ಉಸಿರಿನಲ್ಲಿ ಹೇಳಿ, ಕೊನೆಗೆ ತಾತನ ಹೆಸರು, ಅದರ ಕೆಳಗೆ ಹಿರಿಯ ಮಗನಾಗಿ ನಮ್ಮಪ್ಪನ ಹೆಸರು ಹೇಳಿ ಕೈ ಚಾಚುತ್ತಿದ್ದ. ಅಜ್ಜಿ ಒಂದು ಮೊರ ರಾಗಿ ಹಾಕುತ್ತಿದ್ದಳು. ಅಪ್ಪನ ಹೆಸರು ಬಂದ ಮೇಲೆಯೇ ಹಾಕುತ್ತಿದ್ದಳು ಎಂದು ಈಗ ಅನ್ನಿಸುತ್ತದೆ. ನೆನಪಿಗೆ ನಾನೇ ಬಣ್ಣ ಹಚ್ಚುತ್ತಿರಬಹುದು.

ಆ ಮುದುಕನಿಗೆ ಗೊತ್ತಿದ್ದೂ ಹೇಳದೆ ಬಿಟ್ಟಿದ್ದರೆ ಅದು ಸುಳ್ಳೇ? ನನಗೆ ಹಾಗನ್ನಿಸುವುದಿಲ್ಲ. ಇವರು ಯಾರನ್ನು ಮಗ ಎಂದು ಕರೆದರು ಎಂಬುದಷ್ಟೇ ಅವನು ಕೇಳುತ್ತಿದ್ದ ಪ್ರಶ್ನೆ. ನಾಡಕಚೇರಿಯೂ ಕೇಳುವುದು ಅದನ್ನೇ. ಅಪ್ಪ ತೀರಿಕೊಂಡಾಗ ಪೌತಿ ಖಾತೆಗೆ ವಂಶವೃಕ್ಷ ಮಾಡಿಸಿದೆವು. ಗ್ರಾಮ ಲೆಕ್ಕಿಗರು ಬಂದು ಅಕ್ಕಪಕ್ಕದವರನ್ನು ವಿಚಾರಿಸಿ ಮಹಜರು ಬರೆದುಕೊಂಡರು. ಊರಿಗೆ ಊರೇ ಹೌದು ಅಂದದ್ದು ಅಲ್ಲಿ ಸತ್ಯ. ಡಿಎನ್‌ಎ ಊರನ್ನು ಕೇಳುವುದಿಲ್ಲ. ಅದಕ್ಕೆ ಬಿಡುವುದು ಯಾವುದು, ಹೇಳುವುದು ಯಾವುದು ಎಂಬುದೂ ಗೊತ್ತಿಲ್ಲ.

ತಮ್ಮನ ವಾದವನ್ನು ತಳ್ಳಿಹಾಕಲಾರೆ. ಚಿಕ್ಕಪ್ಪನಿಗೂ ತಾತನಿಗೂ ಹೃದಯದ ಕಾಯಿಲೆ. ಪ್ರತಿ ಸಲ ಡಾಕ್ಟರು "ನಿಮ್ಮ ಮನೆಯಲ್ಲಿ ಯಾರಿಗಾದರೂ ಇತ್ತಾ" ಎಂದಾಗ ನಾನು ಹೌದು ಎನ್ನುತ್ತ ಬಂದಿದ್ದೇನೆ. ಆ ಉತ್ತರ ತಪ್ಪಿರಬಹುದು. ವೈಶ್ಯ ಸಮುದಾಯದಲ್ಲಿ ಕಿಣ್ವವೊಂದರ ಕೊರತೆ ಹೆಚ್ಚು, ಅದಿರುವವರಿಗೆ ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯು ಸಡಿಲಿಸಲು ಕೊಡುವ ಔಷಧಿ ಅಪಾಯ ತರಬಹುದು. ಅಂಥಲ್ಲಿ ವಂಶ ತಿಳಿದಿರುವುದು ಜೀವ ಉಳಿಸುತ್ತದೆ. "ನನ್ನ ದೇಹದ ವಿಷಯ ತಿಳಿದುಕೊಳ್ಳಲು ಯಾರ ಅಪ್ಪಣೆ ಬೇಕಣ್ಣಾ?" ಎಂದು ಅವನು ಕೇಳಿದ್ದಕ್ಕೆ ನನ್ನ ಬಳಿ ಕೂಡಲೇ ಉತ್ತರವಿರಲಿಲ್ಲ.

ಉತ್ತರ ಹೊಳೆದದ್ದು ನಮ್ಮ ಜಂಟಿ ಪಹಣಿ ನೋಡುವಾಗ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ಹಕ್ಕು ಒಬ್ಬೊಬ್ಬ ವ್ಯಕ್ತಿಯದು. ಡಿಎನ್‌ಎ ಮಾತ್ರ ಭಾಗವಾಗದ ಜಮೀನಿನ ಹಾಗೆ. ನಾನು ಮಾರಿದರೆ ತಮ್ಮನ ಪಾಲೂ ಹೋಗುತ್ತದೆ. 2023ರಲ್ಲಿ 23ಅಂಡ್‌ಮಿ ಕಂಪನಿಯ ಸುಮಾರು 14,000 ಖಾತೆಗಳಿಗೆ ಕನ್ನ ಬಿದ್ದಾಗ, ಸಂಬಂಧಿಕರನ್ನು ಹೊಂದಿಸಿ ತೋರಿಸುವ ಸೌಲಭ್ಯದ ಮೂಲಕ ಸುಮಾರು 69 ಲಕ್ಷ ಜನರ ವಿವರ ಹೊರಬಿತ್ತು. ಬೀಗ ಒಡೆದದ್ದು ಕೆಲವರದು, ಬಾಗಿಲು ತೆರೆದದ್ದು ಎಲ್ಲರದು. ಇನ್ನು ಮಗುವನ್ನು ಕೊಟ್ಟ ತಾಯಿ ಒಬ್ಬಳಿದ್ದರೆ ಅವಳು? ಈಗಿನ ದತ್ತು ನಿಯಮಗಳು ಮೂಲ ಹುಡುಕುವ ಮಗುವಿನ ಹಕ್ಕನ್ನು ಒಪ್ಪುತ್ತಲೇ, ಅದು ಜನ್ಮ ಕೊಟ್ಟವರ ಖಾಸಗಿತನಕ್ಕೆ ಧಕ್ಕೆ ತರಬಾರದು ಎನ್ನುತ್ತವೆ. ಅವಳ ಕಾಲಕ್ಕೆ ನಿಯಮವೆಲ್ಲಿತ್ತು, ಬಾಯಿ ಮಾತು ಇದ್ದಿರಬೇಕು.

ಹೀಗೆಲ್ಲ ಹೇಳಿದಾಗ ತಮ್ಮ, "ಸರಿ, ಅಪ್ಪನನ್ನೇ ಕೇಳು, ಒಪ್ಪಿದರೆ ಮಾಡಿಸು" ಅಂದ. ಏನೆಂದು ಕೇಳಲಿ? ಆರೋಗ್ಯ ತಪಾಸಣೆ ಎಂದರೆ ಅದು ಒಪ್ಪಿಗೆಯಲ್ಲ, ಮೋಸ. ನಿಜ ಹೇಳಿ ಕೇಳಿದರೆ ಕೇಳಿದ ಕ್ಷಣದಲ್ಲೇ ಗುಟ್ಟು ಹೋಯಿತು, ಬೇಡ ಅನ್ನುವ ಅವಕಾಶ ಅವರಿಗೆ ಉಳಿಯುವುದಿಲ್ಲ. ಇನ್ನೊಂದು ಲೆಕ್ಕವೂ ಇದೆ. ಚಿಕ್ಕಪ್ಪನ ಎಂಜಲು ಅವನ ಎಂಜಲಿಗೆ ಹೊಂದಿದರೆ ಚಿಕ್ಕಮ್ಮ ಅನುಮಾನದಿಂದ ಬಿಡುಗಡೆ. ನಮ್ಮಪ್ಪ ಈಗ ಇಲ್ಲ, ನಾನು ಒಬ್ಬನೇ ಮಗ. ತಂದು ಸಾಕಿದ ಮಗುವೋ, ಅಮ್ಮನ ಗುಟ್ಟೋ ಎಂದು ಬೇರೆ ಮಾಡಿ ತೋರಿಸುವ ಎಂಜಲು ತಾತನ ಕಡೆಯವರಲ್ಲಿ ಯಾರ ಬಾಯಲ್ಲೂ ಇಲ್ಲ. ಅವನ ಅಮ್ಮನನ್ನು ಬಿಡಿಸಲು ನನ್ನ ಅಮ್ಮನನ್ನು ಕಟಕಟೆಯಲ್ಲೇ ಬಿಟ್ಟುಬರಬೇಕು. ಇದನ್ನು ಅವನಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಜಾಲತಾಣದಲ್ಲಿ ಅಜ್ಜಿಯ ಫೋಟೊ ತೆಗೆದುಹಾಕಿದ್ದಾನೆ, ಬದುಕಿರುವವರನ್ನು ಅದು ತಾನಾಗಿಯೇ ಮರೆಮಾಡುತ್ತದೆ, ಸತ್ತವರನ್ನು ಮಾಡುವುದಿಲ್ಲ. ಆದರೂ ಯಾರದೋ ಕೈಲಿ ಕಿಟ್ಟು ಕಳಿಸಿಕೊಟ್ಟ.

ಹೋದ ತಿಂಗಳು ಊರಿಗೆ ಹೋದೆ. ಹುಳು ಹಣ್ಣಾಗಿದ್ದವು. ಚಿಕ್ಕಪ್ಪ ಆರಿಸಿ ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದರು. ಯಾವ ಕ್ರಾಸು ಎಂದು ಕೇಳಿದೆ. ತಾಯಿ ಮೈಸೂರು ತಳಿ, ತಂದೆ ಸಿಎಸ್‌ಆರ್-2 ಅಂದರು. ರೇಷ್ಮೆಯಲ್ಲಿ ಅಪ್ಪ ಅಮ್ಮ ಯಾರೆಂದು ಮೊಟ್ಟೆ ತರುವಾಗಲೇ ಕೇಳುತ್ತೇವೆ. ಮೊಟ್ಟೆ ಇಟ್ಟ ಮೇಲೆ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಗಂಟುರೋಗ ಇದೆಯೇ ಎಂದು ನೋಡುವುದು ಪಾಶ್ಚರ್ ಕಾಲದಿಂದ ಬಂದ ಪದ್ಧತಿ.

"ಅವನೇನೋ ಕಳಿಸಿದ್ದಾನಂತೆ, ಉಗುಳಿ ಕೊಡಬೇಕಂತೆ" ಅಂದರು, ತಲೆ ಎತ್ತದೆ.

"ಹೌದು ಚಿಕ್ಕಪ್ಪ, ಬ್ಯಾಗಿನಲ್ಲಿದೆ."

"ನಿಮ್ಮಪ್ಪನದು ತಗೊಂಡಿದ್ರಾ?"

"ಇಲ್ಲ. ಆಗ ಇದೆಲ್ಲ ಎಲ್ಲಿತ್ತು."

"ಅಣ್ಣನದು ಇಲ್ಲದೆ ನನ್ನದೊಂದು ನೋಡಿ ಏನು ತಿಳಿಯುತ್ತೆ?" ಎಂದು ಒಂದು ಹುಳುವನ್ನು ಬೆಳಕಿಗೆ ಹಿಡಿದರು. ಹಣ್ಣಾಗಿಲ್ಲ ಎಂದು ತಟ್ಟೆಗೆ ವಾಪಸ್ ಬಿಟ್ಟರು. ಅವರ ಮುಖದಲ್ಲಿ ನನಗೆ ಏನೂ ಕಾಣಲಿಲ್ಲ. ಗೊತ್ತಿದ್ದು ಅಂದರೋ, ಸುಮ್ಮನೆ ಅಂದರೋ.

"ಬಿಸಿಲು ಬಂತು. ಆ ಕಡೆ ಹಿಡಿ" ಅಂದರು. ಚಂದ್ರಿಕೆಯ ಆ ಕಡೆ ನಾನು, ಈ ಕಡೆ ಅವರು ಹಿಡಿದು ನೆರಳಿಗೆ ಸಾಗಿಸಿದೆವು.