ತಡೆದದ್ದರ ಲೆಕ್ಕ

ವಿಜಯವಾಡದ ಆಟೋನಗರದಲ್ಲಿ ಬೆಳಿಗ್ಗೆ ಎಂಟಕ್ಕೆಲ್ಲ ಸುತ್ತಿಗೆ ಶುರು. ಒಂದು ಶೆಡ್ಡಿನಲ್ಲಿ ಲಾರಿಯ ಪಟ್ಟೆ ಸ್ಪ್ರಿಂಗ್ ಬಡಿಯುತ್ತಿದ್ದರೆ ಪಕ್ಕದಲ್ಲಿ ಎಂಜಿನ್ ಬಿಚ್ಚಿ ಹರಡಿರುತ್ತಾರೆ, ಎದುರಿಗೆ ವೆಲ್ಡಿಂಗ್ ಕಿಡಿ. ನಾನಿದ್ದ ಕಾಲದಲ್ಲಿ ಕಂಪನಿಯಿಂದ ಬರಿ ಚಾಸಿ ಬರುತ್ತಿತ್ತು. ಡ್ರೈವರು ಮುಖಕ್ಕೆ ಟವೆಲ್ ಸುತ್ತಿಕೊಂಡು ಹಲಗೆಯ ಮೇಲೆ ಕೂತು ಅದನ್ನು ಓಡಿಸಿಕೊಂಡು ಬರುತ್ತಿದ್ದ. ಇಲ್ಲಿ ಅದಕ್ಕೆ ಮರ, ತಗಡಿನ ಮೈ ಕಟ್ಟಿ, ಹಣೆಗೆ ಬಣ್ಣ ಬರೆದು, ನಿಂಬೆಹಣ್ಣು ಕಟ್ಟಿ ಕಳಿಸುತ್ತಿದ್ದರು. ಆ ಸದ್ದಿನ ಮಧ್ಯೆ, ಒಂದು ಮಹಡಿಯ ಮೇಲೆ ನಮ್ಮ ಬ್ಯಾಂಕಿನ ಶಾಖೆ. 1993ರಿಂದ 96ರವರೆಗೆ ನಾನು ಅದರ ಮ್ಯಾನೇಜರು.

ನಮ್ಮ ಕಡೆಯ ಬ್ಯಾಂಕುಗಳು ಕನ್ನಡದ ಹುಡುಗರನ್ನು ದೇಶದ ಮೂಲೆಮೂಲೆಗೆ ಎಸೆದಿವೆ. ಪ್ರಮೋಷನ್ ಬೇಕೆಂದರೆ ಊರು ಬಿಡಬೇಕು. ನಾನೂ ಹೆಂಡತಿ ಮಕ್ಕಳನ್ನು ಶಿವಮೊಗ್ಗದಲ್ಲಿ ಬಿಟ್ಟು ಪಟಮಟದಲ್ಲಿ ಒಂದು ಮನೆ ಹಿಡಿದಿದ್ದೆ. ಅದರಲ್ಲಿ ನನ್ನ ಜೊತೆ ಇದ್ದವನು ಶಾಖೆಯ ಇನ್ನೊಬ್ಬ ಕನ್ನಡದ ಆಫೀಸರು. ಬೆಂಗಳೂರಿನ ಹಲಸೂರಿನ ಗೌತಮಪುರದವನು. ಮನೆಮಾತು ತಮಿಳು, ಆದರೆ ನನಗೆ ಕನ್ನಡ ಮಾತಾಡಲು ಆ ಊರಲ್ಲಿ ಇದ್ದವನು ಅವನೊಬ್ಬನೇ. ಮೆಟ್ಟಿಲು ಇಳಿಯುವಾಗ ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದ. ಬಲಗಾಲಿನ ಮಂಡಿ ಹೋಗಿತ್ತು. ಹನ್ನೆರಡು ವರ್ಷ ಬ್ಯಾಂಕಿನ ಫುಟ್‌ಬಾಲ್ ತಂಡದಲ್ಲಿ ಸ್ಟಾಪರ್ ಆಗಿದ್ದವನು, ಅಂದರೆ ಗೋಲ್‌ಕೀಪರ್ ಮುಂದೆ ನಡುಮಧ್ಯೆ ನಿಂತು ತಡೆಯುವವನು. ಹಾಗಾಗಿ ನಾನೂ ಅವನನ್ನು ಸ್ಟಾಪರ್ ಅಂತಲೇ ಕರೆಯುತ್ತಿದ್ದೆ.

ಈಗಿನ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಗ ನಮ್ಮಲ್ಲಿ ಫುಟ್‌ಬಾಲ್ ವೃತ್ತಿ ಅಂದರೆ ನೌಕರಿಯೇ. ರಾಷ್ಟ್ರೀಯ ಲೀಗ್ ಶುರುವಾದದ್ದು 1996ರಲ್ಲಿ, ಐಎಸ್‌ಎಲ್ 2014ರಲ್ಲಿ. ಅದಕ್ಕೆ ಮೊದಲು ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್ ಥರದ ಕಾರ್ಖಾನೆಗಳು, ಬ್ಯಾಂಕುಗಳು ಆಟಗಾರರನ್ನು ಸ್ಪೋರ್ಟ್ಸ್ ಕೋಟಾದಲ್ಲಿ ಸೇರಿಸಿಕೊಳ್ಳುತ್ತಿದ್ದವು. ನಮ್ಮ ಸ್ಟಾಪರ್ ಇಪ್ಪತ್ತೊಂದಕ್ಕೆ ಗುಮಾಸ್ತನಾಗಿ ಸೇರಿದ. ಬೆಳಿಗ್ಗೆ ಪ್ರಾಕ್ಟೀಸು, ಮಧ್ಯಾಹ್ನ ಕೌಂಟರು, ಮ್ಯಾಚ್ ಇದ್ದರೆ ವಿಶೇಷ ರಜೆ. ಸಂಬಳ ಎಲ್ಲ ಗುಮಾಸ್ತರಷ್ಟೇ. ಸಹೋದ್ಯೋಗಿಗಳ ಗೊಣಗಾಟ ಮಾತ್ರ ಹೆಚ್ಚುವರಿ. ಮೂವತ್ಮೂರಕ್ಕೆ ಮಂಡಿ ಕೈಕೊಟ್ಟಿತು. ಆಮೇಲೆ ಉಳಿದ ಇಪ್ಪತ್ತೇಳು ವರ್ಷ ಮಾಡಬೇಕಾದದ್ದು ತಾನು ಸರಿಯಾಗಿ ಕಲಿತೇ ಇಲ್ಲದ ಕೆಲಸ. ಲೆಡ್ಜರ್ ಬ್ಯಾಲೆನ್ಸ್ ಮಾಡಲು ತನಗಿಂತ ಹತ್ತು ವರ್ಷ ಚಿಕ್ಕವರ ಹತ್ತಿರ ಹೇಳಿಸಿಕೊಂಡ, ನಗೆಪಾಟಲಾದ, ಹಟ ಹಿಡಿದು ಪ್ರಮೋಷನ್ ಪರೀಕ್ಷೆ ಬರೆದ, ಆಟೋನಗರಕ್ಕೆ ಬಿದ್ದ. ಈಗಿನ ಆಟಗಾರರಿಗೆ ದುಡ್ಡು ಚೆನ್ನಾಗಿದೆ, ಆದರೆ ಕಾಂಟ್ರ್ಯಾಕ್ಟ್ ಮುಗಿದ ದಿನ ಮುಗಿಯಿತು. ಯಾವುದು ಮೇಲೋ, ಪೆನ್ಶನ್ ತಿನ್ನುವ ನಾನು ಹೇಳಬಾರದು.

ರಾತ್ರಿ ಹುಳಿ ಅನ್ನ ಉಂಡು, ಕರೆಂಟು ಹೋಗಿದ್ದರೆ ಟೆರೇಸಿನ ಮೇಲೆ ಚಾಪೆ ಹಾಕಿಕೊಂಡು ಮಾತಾಡುತ್ತಿದ್ದೆವು. ವಿಜಯವಾಡದ ಮೇ ತಿಂಗಳಲ್ಲಿ ಬೇರೆ ದಾರಿ ಇಲ್ಲ. ಅವನು ಹೇಳುತ್ತಿದ್ದ ಒಂದು ಮಾತು ನನಗೆ ವಿಚಿತ್ರವಾಗಿ ಕಂಡಿತ್ತು. ಆಡಿದ ನೂರಾರು ಪಂದ್ಯಗಳಲ್ಲಿ ಅವನಿಗೆ ನೆನಪಿದ್ದದ್ದು ಬಿಟ್ಟುಕೊಟ್ಟ ಗೋಲುಗಳು ಮಾತ್ರ. "ತಡೆದದ್ದು ಹೆಂಗ್ ಸಾರ್ ನೆನಪಿರತ್ತೆ? ಅದು ಆಗ್ಲೇ ಇಲ್ವಲ್ಲ!"

ಸರಿಯೇ. ಹೊಡೆದ ಗೋಲು ನಡೆದ ಘಟನೆ. ತಡೆದ ಗೋಲು ನಡೆಯದೇ ಹೋದ ಘಟನೆ. ನಡೆಯದ್ದಕ್ಕೆ ಯಾವ ಪುಸ್ತಕದಲ್ಲಿ ಜಮಾ ಬರೆಯುವುದು? 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿದ ಪಂದ್ಯದಲ್ಲಿ ನೆವಿಲ್ ಡಿಸೋಜ ಮೂರು ಗೋಲು ಹೊಡೆದದ್ದು ಎಲ್ಲ ಕಡೆ ದಾಖಲಾಗಿದೆ. ಆ ತಂಡದ ಹಾಫ್‌ಬ್ಯಾಕ್ ಸಾಲಿನಲ್ಲಿ ನಮ್ಮ ಕೆಂಪಯ್ಯ ಇದ್ದರು. 1960ರಲ್ಲಿ ರೋಮ್‌ಗೂ ಹೋದರು, ಕಲ್ಕತ್ತೆಗೆ ಹೋಗಿ ಮೋಹನ್ ಬಗಾನ್ ಪರ ಆಡಿದರು. ಎರಡು ಒಲಿಂಪಿಕ್ಸ್ ಆಡಿದ ಕನ್ನಡದ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನನಗಂತೂ ಗೊತ್ತಿರಲಿಲ್ಲ. ಪಟಮಟದ ಟೆರೇಸಿನ ಮೇಲೆ ಮೊದಲು ಕೇಳಿದ್ದು.

ಜರ್ನೈಲ್ ಸಿಂಗ್ ಕಥೆ ಇನ್ನೂ ಸೊಗಸು. ಏಷ್ಯಾದಲ್ಲೇ ದೊಡ್ಡ ಸ್ಟಾಪರ್ ಎನಿಸಿಕೊಂಡ ಮನುಷ್ಯ. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪೆಟ್ಟು ತಿಂದು ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ. ಹೈದರಾಬಾದಿನ ಕೋಚ್ ರಹೀಮ್ ಸಾಹೇಬರು ಅವನನ್ನು ಹಿಂದಿನಿಂದ ತೆಗೆದು ಮುಂದಕ್ಕೆ ಹಾಕಿದರು. ಸೆಮಿಫೈನಲ್‌ನಲ್ಲಿ ಒಂದು, ದಕ್ಷಿಣ ಕೊರಿಯಾದ ಎದುರು ಫೈನಲ್‌ನಲ್ಲಿ ಒಂದು ಗೋಲು ಹೊಡೆದ, 2-1ರಿಂದ ಚಿನ್ನ ಬಂತು. ಇಷ್ಟು ವರ್ಷದ ಮೇಲೂ ಜರ್ನೈಲ್ ಅಂದರೆ ಆ ಗೋಲು. ಜೀವಮಾನವಿಡೀ ತಡೆದವನನ್ನು ನಾವು ಹೊಡೆದದ್ದಕ್ಕೆ ನೆನಪಿಟ್ಟುಕೊಂಡೆವು.

ಈ ಮಾತೆಲ್ಲ ಕೇಳುವಾಗ ನನಗೆ ಒಳಗೊಳಗೇ ಹಿಗ್ಗು. ಯಾಕೆಂದರೆ ನಾನೂ ಒಬ್ಬ ಸ್ಟಾಪರ್ ಅಂತ ಅಂದುಕೊಂಡಿದ್ದೆ. ನರಸಿಂಹಂ ಸಮಿತಿಯ ವರದಿ 1991ರಲ್ಲಿ ಬಂತು, ಅದರ ಮೇಲೆ ರಿಸರ್ವ್ ಬ್ಯಾಂಕ್ 1992ರಲ್ಲಿ ಹೊಸ ನಿಯಮ ತಂದಿತು. ಅಲ್ಲಿಯವರೆಗೆ ಬಡ್ಡಿ ಕೈಗೆ ಬರಲಿ ಬಿಡಲಿ, ಖಾತೆಗೆ ಖರ್ಚು ಹಾಕಿ ಆದಾಯ ಅಂತ ತೋರಿಸಿಬಿಡುತ್ತಿದ್ದೆವು. ಆಮೇಲೆ ಬಾಕಿ ನಿಂತ ಸಾಲಕ್ಕೆ ಎನ್‌ಪಿಎ ಅಂತ ಹಣೆಪಟ್ಟಿ. ಮೊದಲು ನಾಲ್ಕು ತ್ರೈಮಾಸಿಕದ ಗಡುವು, ಮರುವರ್ಷ ಮೂರು, ಅದರ ಮರುವರ್ಷ ಎರಡು. ಅದೇ 1992ರಲ್ಲಿ ಫುಟ್‌ಬಾಲಿನಲ್ಲೂ ಒಂದು ನಿಯಮ ಬದಲಾಯಿತಂತೆ. ಡಿಫೆಂಡರ್ ಬೇಕೆಂದೇ ಕಾಲಲ್ಲಿ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯುವ ಹಾಗಿಲ್ಲ. "ನಿಮಗೂ ನಮಗೂ ಒಂದೇ ವರ್ಷ ಬಾಗಿಲು ಹಾಕಿದ್ರು ಸಾರ್" ಅಂತ ಅವನು ನಗುತ್ತಿದ್ದ. ಕಷ್ಟ ಬಂದರೆ ಹಿಂದಕ್ಕೆ ತಳ್ಳಿ ಉಸಿರು ಬಿಡುವ ಸೌಕರ್ಯ ಇಬ್ಬರಿಗೂ ಹೋಯಿತು.

ಕೊಟ್ಟ ಸಾಲ ಕೆಟ್ಟರೆ ಸಹಿ ಹಾಕಿದವನ ಮೇಲೆ ವಿಚಾರಣೆ, ಚಾರ್ಜ್‌ಶೀಟು. ಕೊಡದೇ ಇದ್ದ ಸಾಲಕ್ಕೆ ಯಾವ ವಿಚಾರಣೆಯೂ ಇಲ್ಲ. ಎಂ.ಕಾಂ.ನಲ್ಲಿ ಸಂಖ್ಯಾಶಾಸ್ತ್ರ ಓದುವಾಗ ತಪ್ಪಿನಲ್ಲಿ ಎರಡು ಬಗೆ ಅಂತ ಕಲಿತಿದ್ದೆವು: ಸರಿಯಾದದ್ದನ್ನು ತಳ್ಳಿಹಾಕುವುದು, ತಪ್ಪಾದದ್ದನ್ನು ಒಪ್ಪಿಕೊಳ್ಳುವುದು. ಬ್ಯಾಂಕಿನಲ್ಲಿ ಶಿಕ್ಷೆ ಎರಡನೆಯದಕ್ಕೆ ಮಾತ್ರ. ಹಾಗಿದ್ದ ಮೇಲೆ ಮನುಷ್ಯ ಯಾವ ತಪ್ಪನ್ನು ಆರಿಸಿಕೊಳ್ಳುತ್ತಾನೆ ಅಂತ ಹೇಳಲು ಎಂ.ಕಾಂ. ಬೇಕಾಗಿಲ್ಲ.

ನಾನು ತಡೆದದ್ದರಲ್ಲಿ ನಿಜವಾದ ಗಂಡಾಂತರಗಳೂ ಇದ್ದವು. ಒಬ್ಬ ಒಂದೇ ಚಾಸಿ ನಂಬರನ್ನು ಬೇರೊಂದು ಬ್ಯಾಂಕಿನಲ್ಲಿ ಅಡವಿಟ್ಟು ನಮ್ಮಲ್ಲಿಗೂ ಬಂದಿದ್ದ, ಕಾಗದ ನೋಡಿ ಹಿಡಿದೆ. ಅದು ಠೇವಣಿದಾರರ ದುಡ್ಡು. ಗುರುವಾರ ಬೆಳಿಗ್ಗೆ ಬಂದು ಬೆಂಚಿನ ಮೇಲೆ ಕೂತು ಬಡ್ಡಿ ಎಣಿಸಿಕೊಂಡು ಹೋಗುತ್ತಿದ್ದ ಮುದುಕಿಯ ದುಡ್ಡು. ಅದನ್ನು ಕಾಯುವುದು ಸಣ್ಣ ಕೆಲಸವಲ್ಲ ಅಂತ ಈಗಲೂ ನಂಬುತ್ತೇನೆ.

ಆದರೆ 1994ರ ಜೂನಿನಲ್ಲಿ ಒಂದು ಅರ್ಜಿ ಬಂತು. ಲಾರಿಗೆ ಮೈ ಕಟ್ಟುವ ಬಡಗಿ, ಮೂವತ್ತೈದರ ಆಸುಪಾಸು, ಎರಡನೇ ಶೆಡ್ಡು ಹಾಕಲು ಎರಡು ಲಕ್ಷ ಬೇಕಿತ್ತು. ಸ್ಟಾಪರ್ ಹೋಗಿ ನೋಡಿಕೊಂಡು ಬಂದು "ಕೊಡಬಹುದು" ಅಂತ ಬರೆದ. ಜಾಗ ಲೀಸಿನದು, ಜಾಮೀನು ತೆಳು, ಅವನ ಭಾವಮೈದುನ ಇನ್ನೊಂದು ಕಡೆ ಸುಸ್ತಿದಾರ. ನಾನು ಆಗುವುದಿಲ್ಲ ಅಂದೆ.

"ಸಾರ್, ನಾಲ್ಕು ಚಾಸಿ ಹೊರಗೆ ಬಿಸಿಲಲ್ಲಿ ಕಾಯ್ತಾ ಇದೆ. ಕೆಲಸ ಇದೆ, ಜಾಗ ಇಲ್ಲ ಅವನಿಗೆ."

"ನಾಳೆ ನಿಂತುಹೋದ್ರೆ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಬಂದ ಬಾಲೆಲ್ಲಾ ಔಟ್‌ಗೆ ಒದೆಯೋನು ಸ್ಟಾಪರ್ ಅಲ್ಲ ಸಾರ್. ಅವನು ಹೆದರಿದ್ದಾನೆ ಅಷ್ಟೆ. ಬಾಲ್ ಕಿತ್ಕೊಂಡ ಮೇಲೆ ನಮ್ಮೋರಿಗೆ ಕೊಡ್ಬೇಕು. ಅದೇ ಅರ್ಧ ಕೆಲಸ."

ಮೇಲಧಿಕಾರಿಗೆ ಹಾಗೆ ಹೇಳಬಾರದು. ನನಗೆ ಸಿಟ್ಟು ಬಂತು. ಫೈಲಿನಲ್ಲಿ 'ಕಾರ್ಯಸಾಧ್ಯವಲ್ಲ' ಅಂತ ಬರೆದು ಸಹಿ ಹಾಕಿದೆ. ಬಡಗಿಯನ್ನು ಕರೆದು ಹೇಳಿದಾಗ ಅವನು ಜಗಳ ಆಡಲಿಲ್ಲ. "ಮೀರೇಂ ಚೇಸ್ತಾರು ಲೆಂಡಿ ಸಾರ್" ಅಂದ. ನೀವಾದ್ರೂ ಏನು ಮಾಡ್ತೀರಿ ಬಿಡಿ ಅಂತ. ಅವನು ಬೈದಿದ್ದರೆ ನಾನು ಇಷ್ಟು ವರ್ಷ ನೆನಪಿಟ್ಟುಕೊಳ್ಳುತ್ತಿರಲಿಲ್ಲವೋ ಏನೋ.

ಅದೇ ತಿಂಗಳು ಅಮೆರಿಕಾದಲ್ಲಿ ವಿಶ್ವಕಪ್. ಜೂನ್ 22ರಂದು ಕೊಲಂಬಿಯಾದ ಡಿಫೆಂಡರ್ ಆಂದ್ರೆಸ್ ಎಸ್ಕೊಬಾರ್ ಅಡ್ಡ ಬರುತ್ತಿದ್ದ ಚೆಂಡನ್ನು ತಡೆಯಲು ಜಾರಿಕೊಂಡು ಕಾಲು ಚಾಚಿದ. ಚೆಂಡು ಕಾಲಿಗೆ ತಾಗಿ ತನ್ನದೇ ಗೋಲಿಗೆ ಹೋಯಿತು. ಅಮೆರಿಕಾ 2-1ರಿಂದ ಗೆದ್ದಿತು. ಹತ್ತು ದಿನದ ಮೇಲೆ, ಜುಲೈ 2ರಂದು, ಅವನ ಊರು ಮೆದೆಯೀನ್‌ನಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಇಪ್ಪತ್ತೇಳು ವರ್ಷ. ಪೇಪರ್ ಓದಿದ ದಿನ ಸ್ಟಾಪರ್ ಊಟ ಮಾಡಲಿಲ್ಲ. "ಕಾಲು ಚಾಚದೇ ಇದ್ದಿದ್ರೆ ಅವನ ಹೆಸರೇ ಬರ್ತಿರ್ಲಿಲ್ಲ ಸಾರ್" ಅಂತ ಎರಡು ಸಲ ಹೇಳಿದ. ನನಗೆ ಚುಚ್ಚಲು ಹೇಳಿದ್ದಲ್ಲ. ಆದರೂ ಚುಚ್ಚಿತು. ನಾನು ಕಾಲು ಚಾಚದವನು.

ಫೈನಲ್ ಜುಲೈ 17ರಂದು, ನಮಗೆ ಮಧ್ಯರಾತ್ರಿ ಕಳೆದು ಒಂದು ಗಂಟೆಗೆ. ಇಟಲಿಯ ಫ್ರಾಂಕೋ ಬರೇಸಿ ನಾರ್ವೆ ಎದುರು ಮಂಡಿ ಮುರಿಸಿಕೊಂಡು, ಆಪರೇಷನ್ ಮಾಡಿಸಿಕೊಂಡು, ತಿಂಗಳು ತುಂಬುವ ಮೊದಲೇ ಮೈದಾನಕ್ಕೆ ಬಂದಿದ್ದ. ವಯಸ್ಸು ಮೂವತ್ನಾಲ್ಕು. ರೊಮಾರಿಯೊ, ಬೆಬೆಟೊ ಇದ್ದ ಬ್ರೆಜಿಲ್‌ಗೆ 120 ನಿಮಿಷ ಒಂದೂ ಗೋಲು ಬಿಡಲಿಲ್ಲ. ನನಗೆ ಆಟ ಅಷ್ಟಾಗಿ ತಿಳಿಯದು. ಸ್ಟಾಪರ್ ಪರದೆಯ ಮೇಲೆ ಬೆರಳಿಟ್ಟು ತೋರಿಸಿದ: "ಬಾಲ್ ನೋಡ್ಬೇಡಿ, ಅವನನ್ನ ನೋಡಿ." ನೋಡಿದೆ. ಅವನು ಓಡುತ್ತಲೇ ಇರಲಿಲ್ಲ ಅನ್ನಿಸುವಷ್ಟು ಕಡಿಮೆ ಓಡುತ್ತಿದ್ದ. ಚೆಂಡು ಬರುವ ಜಾಗದಲ್ಲಿ ಮೊದಲೇ ನಿಂತಿರುತ್ತಿದ್ದ. ಸಿಕ್ಕ ಚೆಂಡನ್ನು ಆಕಾಶಕ್ಕೆ ಒದೆಯದೆ ತಲೆಯೆತ್ತಿ ಯಾರಿಗೋ ಕೊಡುತ್ತಿದ್ದ. ಕೊನೆಗೆ ಪೆನಾಲ್ಟಿ. ಮೊದಲ ಒದೆತ ಅವನದೇ, ಕಂಬದ ಮೇಲಿಂದ ಹೋಯಿತು. ಬ್ರೆಜಿಲ್ ಗೆದ್ದಿತು. ಬರೇಸಿ ಅತ್ತ. ಪಕ್ಕದಲ್ಲಿ ನಮ್ಮವನೂ.

ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನನ್ನು ಕಾಡಿದ್ದು ಸಾಲ ಕೊಡಬೇಕಿತ್ತೇ ಎಂಬ ಪ್ರಶ್ನೆಯಲ್ಲ. ಅದಕ್ಕೆ ಉತ್ತರ ಸಿಗುವಂಥದ್ದಲ್ಲ. ತಡೆಯುವವನ ಕೆಲಸದಲ್ಲಿ ಒಂದು ವಿಷವಿದೆ. ತಡೆದದ್ದೆಲ್ಲ ಗಂಡಾಂತರವೇ ಆಗಿತ್ತು ಅಂತ ಅವನು ನಂಬಬಹುದು, ಯಾರೂ ಸುಳ್ಳೆಂದು ತೋರಿಸಲಾರರು. ಮೈದಾನದಲ್ಲಿ ಡಿಫೆಂಡರ್‌ಗೆ ಎದುರಾಳಿ ಯಾರು ಅಂತ ಅಂಗಿಯ ಬಣ್ಣ ಹೇಳುತ್ತದೆ. ನನ್ನ ಮೇಜಿನ ಮುಂದೆ ಕೂತವನ ಅಂಗಿ ಯಾವ ಬಣ್ಣದ್ದು? ಠೇವಣಿಯ ಮುದುಕಿ ನನ್ನ ಕಡೆಯವಳು, ಸಾಲ ಕೇಳುವವನು ಎದುರಿನವನು ಅಂತ ನಾನೇ ಎರಡು ತಂಡ ಮಾಡಿಕೊಂಡಿದ್ದೆ. ಮುದುಕಿಗೆ ಬಡ್ಡಿ ಬರುವುದು ಅವನ ದುಡಿಮೆಯಿಂದಲೇ. ಇನ್ನೂ ಒಂದು ಮಾತು: ನಾನು ಕಾದದ್ದು ಮುದುಕಿಯ ದುಡ್ಡನ್ನೋ, ನನ್ನ ಶಿವಮೊಗ್ಗದ ವರ್ಗಾವಣೆಯನ್ನೋ? ಒಂದು ಚಾರ್ಜ್‌ಶೀಟ್ ಬಂದರೆ ಊರು ಇನ್ನೈದು ವರ್ಷ ದೂರ. ಎರಡಕ್ಕೂ ಹಾಕುವ ಸಹಿ ಒಂದೇ. ಹೊರಗಿನಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ, ಒಳಗಿನವನಿಗೆ ಗೊತ್ತಾಗಬೇಕು. ನನಗೆ ಗೊತ್ತಿತ್ತು.

ಬಡಗಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ಖಾಸಗಿಯವರಲ್ಲಿ ಸಾಲ ಎತ್ತಿ ಎರಡನೇ ಶೆಡ್ಡು ಹಾಕಿದ. ರಾತ್ರಿ ಹತ್ತಕ್ಕೂ ಅಲ್ಲಿ ಲೈಟು ಉರಿಯುತ್ತಿತ್ತು. ನಾನು ಮನೆಗೆ ಹೋಗುವಾಗ ಒಂದು ರಸ್ತೆ ಸುತ್ತು ಹಾಕಿ ಹೋಗುತ್ತಿದ್ದೆ. 1996ರಲ್ಲಿ ವರ್ಗಾವಣೆಯಾಯಿತು, ಕೇಳಿದ್ದ ಊರಿಗೇ. ನನ್ನ ಕಾಲದಲ್ಲಿ ಒಂದೂ ಸಾಲ ಕೆಟ್ಟಿಲ್ಲ ಅಂತ ಮೇಲಿನಿಂದ ಮೆಚ್ಚುಗೆಯ ಪತ್ರ ಬಂತು. ಇನ್ನೂ ಇದೆ, ಎಲ್‌ಐಸಿ ಪಾಲಿಸಿಗಳ ಜೊತೆ.

2023ರ ಮಾರ್ಚ್‌ನಲ್ಲಿ ಸ್ಟಾಪರ್ ಫೋನ್ ಮಾಡಿದ್ದ. ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದ ದಿನ. ಮೈಸೂರು ತಂಡ ಗೆದ್ದು ಐವತ್ನಾಲ್ಕು ವರ್ಷದ ಮೇಲೆ ಬಂದ ಕಪ್ಪು. ಎಪ್ಪತ್ತರ ಹತ್ತಿರದ ಮನುಷ್ಯ ಮಗುವಿನ ಥರ ಕೂಗುತ್ತಿದ್ದ. ಆಮೇಲೆ ದನಿ ಇಳಿಸಿ, "3-2 ಸಾರ್. ಎರಡು ಬಿಟ್ಟುಬಿಟ್ರು" ಅಂದ.

ಕಳೆದ ವರ್ಷ ಹಳೆಯ ಸಹೋದ್ಯೋಗಿಯ ಮಗಳ ಮದುವೆಗೆ ವಿಜಯವಾಡಕ್ಕೆ ಹೋದವನು ಮಧ್ಯಾಹ್ನ ಆಟೋ ಹಿಡಿದು ಆಟೋನಗರಕ್ಕೆ ಹೋದೆ. ಈಗ ಕ್ಯಾಬಿನ್ ಸಮೇತ ಬರುವ ಲಾರಿಗಳೇ ಜಾಸ್ತಿ. ಮರದ ಕೆಲಸ ಕಡಿಮೆಯಾಗಿದೆ, ಸುತ್ತಿಗೆಯ ಸದ್ದು ಹಾಗೇ ಇದೆ. ಬಡಗಿಯ ಎರಡು ಶೆಡ್ಡುಗಳ ಜಾಗದಲ್ಲಿ ಯಾರದೋ ಬಿಡಿಭಾಗದ ಗೋಡೌನು. ಪಕ್ಕದಲ್ಲಿ ರೇಡಿಯೇಟರ್ ಬೆಸೆಯುತ್ತಿದ್ದ ಮುದುಕನಿಗೆ ನನ್ನ ಅರೆಬರೆ ತೆಲುಗಿನಲ್ಲಿ ಕೇಳಿದೆ. ಅವನು ವಿಶಾಖಪಟ್ಟಣಕ್ಕೆ ಹೋಗಿ ಎಷ್ಟೋ ಕಾಲವಾಯಿತು, ಅಲ್ಲಿಯೂ ಒಂದು ಆಟೋನಗರ ಇದೆಯಲ್ಲ, ಗಾಜುವಾಕದ ಹತ್ತಿರ, ಅಲ್ಲಿಗೆ ಅಂದ. ಬೆಳೆದು ಹೋದನೋ, ಮುಳುಗಿ ಹೋದನೋ ಅಂತ ಕೇಳಿದೆ. ಅದು ಅವನಿಗೆ ಗೊತ್ತಿರಲಿಲ್ಲ. ನಾನು ಯಾರು ಅಂತ ವಿಚಾರಿಸಿದ. ಬ್ಯಾಂಕಿನಲ್ಲಿದ್ದೆ ಅಂದೆ.

"ಎಷ್ಟು ಬಾಕಿ ಇಟ್ಟು ಹೋದ ಸಾರ್ ನಿಮಗೆ?"

ಏನೂ ಇಲ್ಲ ಅಂದೆ. ಅವನು ನಂಬಿದ ಹಾಗೆ ಕಾಣಲಿಲ್ಲ.