ತಜ್ಞರ ಮಾತೂ ಆಪ್ತರ ಪರೀಕ್ಷೆಯೂ

ಕಾಶಿಯ ಭೇಲೂಪುರ ಇಪ್ಪತ್ತಮೂರನೆಯ ತೀರ್ಥಂಕರ ಪಾರ್ಶ್ವನಾಥರು ಹುಟ್ಟಿದ ಜಾಗವೆಂದು ನಾವು ಜೈನರು ನಂಬುತ್ತೇವೆ. ಮೂಡುಬಿದಿರೆಯಲ್ಲಿ ಔಷಧಿ ಅಂಗಡಿ ಇಟ್ಟಿರುವ ನನಗೆ ಭೇಲೂಪುರದ ಬಸದಿಯಲ್ಲಿ ಕೂತರೂ ಅಂಗಡಿಯದೇ ಚಿಂತೆ. ಕ್ಷಯಕ್ಕೆ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ನುಂಗುವ ಕೆಲವರ ಕಣ್ಣು ಹಳದಿಯಾಗುತ್ತದೆ. ಜತೆಗೆ ಅಮೃತಬಳ್ಳಿ ಕಷಾಯವನ್ನೂ ಕುಡಿದಿರುತ್ತಾರೆ. ಕೆಟ್ಟ ನೀರಿನಿಂದ ಹೆಪಟೈಟಿಸ್ 'ಇ' ತಗುಲಿರಲೂಬಹುದು. ಲಿವರ್ ಕೆಡಿಸಿದ್ದು ಯಾವುದು? ಔಷಧಿಯೇ ಎಂದು ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇಲ್ಲ. ಉಳಿದ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿ ತಜ್ಞರೇ ತೀರ್ಮಾನಿಸಬೇಕು.

ಆ ತೀರ್ಮಾನ ಎಷ್ಟು ಗಟ್ಟಿ? ಅಮೆರಿಕದಲ್ಲಿ ಇಂಥ ಪ್ರತಿ ಪ್ರಕರಣದ ಕಡತವನ್ನೂ ಮೂವರು ಲಿವರ್ ತಜ್ಞರಿಗೆ ಬೇರೆಬೇರೆಯಾಗಿ ಕೊಟ್ಟು ನೋಡಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂವರೂ ಪೂರ್ತಿ ಒಪ್ಪಿದ್ದು ಶೇ. 27ರಷ್ಟು ಪ್ರಕರಣಗಳಲ್ಲಿ. ಔಷಧಿ ಕಾರಣವೇ ಎಂದು ಅಂಕ ಹಾಕಿ ಅಳೆಯುವ ರೂಕಾಮ್ ಎಂಬ ಪಟ್ಟಿ ಹಿಡಿದಾಗ ಶೇ. 19 ಮಾತ್ರ!

ಜೈನ ದಾರ್ಶನಿಕ ಸಮಂತಭದ್ರಾಚಾರ್ಯರ 'ಆಪ್ತಮೀಮಾಂಸೆ' (ಆಪ್ತ ಎಂದರೆ ನಂಬತಕ್ಕವನು) ಎತ್ತುವುದೂ ಇದೇ ಪ್ರಶ್ನೆ: ಯಾರ ಮಾತನ್ನು ಏಕೆ ನಂಬಬೇಕು? ಒಬ್ಬರ ಬಳಿ ದೇವತೆಗಳು ಬಂದರು, ಚಾಮರ ಬೀಸಿದರು ಎಂಬುದು ಅವರಿಗೆ ಸಾಕ್ಷಿಯಲ್ಲ. ಅದು ಮಾಯಾವಿಗಳಿಗೂ ಸಾಧ್ಯ. ಮಾತು ಯುಕ್ತಿಗೆ ಒಪ್ಪಬೇಕು. ಬೋರ್ಡಿನ ಮೇಲಿನ ಡಿಗ್ರಿಗಳೂ ಚಾಮರವೇ ತಾನೆ? ಹಾಗೆಂದು ವೈದ್ಯರನ್ನು ಬಿಟ್ಟು ವಾಟ್ಸಾಪ್ ನಂಬುವುದು 'ಒಂದು ನೆಲೆಯಿಂದ ನಿಜ' ಎನ್ನುವ ನಮ್ಮ ಸ್ಯಾದ್ವಾದವಲ್ಲ, ಮೂರ್ಖತನ. 'ಒಂದು ನೆಲೆಯಿಂದ ಔಷಧಿ ಕಾರಣ' ಎನ್ನುವವರು ಆ ನೆಲೆ ಯಾವುದೆಂದೂ ಹೇಳಬೇಕು: ಔಷಧಿ ಶುರುವಾದ ದಿನ, ನಿಲ್ಲಿಸಿದ ಮೇಲೆ ರಕ್ತದಲ್ಲಿ ಲಿವರ್ ಕಿಣ್ವ ಎಎಲ್‌ಟಿ ಇಳಿದ ಬಗೆ.

ಕಣ್ಣು ಹಳದಿಯಾದರೆ ಅಂದೇ ವೈದ್ಯರಲ್ಲಿಗೆ ಹೋಗಿ, ನುಂಗಿದ್ದೆಲ್ಲದರ ಪಟ್ಟಿ ಕೊಡಿ, ಕಷಾಯವನ್ನು ಮುಚ್ಚಿಡಬೇಡಿ.